ಥಾಯ್ಲೆಂಡ್ ತೆರೆದಿದೆ

“ಥಾಯ್ಲೆಂಡ್ ಪೂರಾ ತೆರದೈತ್ರಿ ಅಕ್ಕಾರ, ಇನ್ನ ಯಾತರ ಅಂಜಿಕಿ,” ಎಂದು ಅಮರೇಶಪ್ಪ ಗ್ರಿಲ್ ಬಾಗಿಲಿನ ಒಳಗಿನಿಂದ ಹೇಳಿದ.

ಗ್ರಿಲ್ಲಿಗೆ ಬೀಗ ಬಿದ್ದಿತ್ತು. ಹೊರಗೆ, ಲಿಫ್ಟಿನ ಎದುರು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಸಲಿಂಗಮ್ಮ ಕೂತಿದ್ದರು. ಸುಲ್ತಾನ್ ಬಜಾರಿನ ಸೀರೆ ಅಂಗಡಿಯ ಯಜಮಾನಿ, ಊರಿನ ಕನ್ನಡ ಹೆಂಗಸರ ಬಳಗಕ್ಕೆ ಹಿರಿಯಕ್ಕ. ಇವರು ಹೂಂ ಅಂದರೆ ಬಳಗವೆಲ್ಲ ಹೂಂ. ಕೊರೊನಾಕ್ಕೆ ಮೊದಲು ಕಾಶಿಯಾಗಲಿ, ಶ್ರೀಲಂಕಾ ಆಗಲಿ, ಬಳಗ ಹೊರಟಿದ್ದು ಅಮರೇಶಪ್ಪನ ಜೊತೆಗೇ. ಪ್ರತಿ ಸಲವೂ ಬಸಲಿಂಗಮ್ಮ ಅವನ ಮನೆಗೆ ಬಂದು, ಒಳಗೆ ಕೂತು ಚಹಾ ಕುಡಿದು, ಅವನ ಹೆಂಡತಿಯಿಂದ ಕುಂಕುಮ ಹಚ್ಚಿಸಿಕೊಂಡು, ಆಮೇಲೆಯೇ ಮಾತು ಪಕ್ಕಾ ಮಾಡುತ್ತಿದ್ದುದು. ಅದು ಅವರ ಪದ್ಧತಿ. ಇವತ್ತೂ ಅದಕ್ಕೇ ಬಂದಿದ್ದರು, ಫೋನು ಗೀನು ಮಾಡದೆ.

ನಾರಾಯಣಗೂಡದ ಆಫೀಸನ್ನು ಅಮರೇಶಪ್ಪ ಲಾಕ್‌ಡೌನಿನಲ್ಲೇ ಬಿಟ್ಟುಕೊಟ್ಟಿದ್ದ. ಈ ಒಂದು ಗುಂಪು ಕೂಡಿದರೆ ಅವನ ಟೂರ್ ಕಂಪನಿ ಮತ್ತೆ ಎದ್ದು ನಿಲ್ಲುತ್ತದೆ. ಕೂಡದಿದ್ದರೆ ಬರುವ ತಿಂಗಳಿಂದ ಸನತ್‌ನಗರದಲ್ಲಿ ಹೆಂಡತಿಯ ಅಣ್ಣನ ಪೈಪು ಕಾರ್ಖಾನೆಯ ಗೇಟಿನಲ್ಲಿ ಕೂತು ಲಾರಿ ನಂಬರು ಬರೆದುಕೊಳ್ಳಬೇಕು. ಇಂಥ ಹೊತ್ತಿನಲ್ಲಿ ಈ ಶರಣಬಸಮ್ಮ ಎಂಬ ಹೆಂಡತಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆಮನೆ ಸೇರಿದ್ದಳು. ಕರೆದರೆ ಕೇಳಿಸದಂತೆ ಮಿಕ್ಸರ್ ಬೇರೆ ಹಾಕಿದ್ದಳು.

“ಅಲ್ಲಿ ಇಳದ ಕೂಡ್ಲೆ ಟೆಸ್ಟ್ ಮಾಡ್ತಾರಂತಲ್ಲ?” ಎಂದು ಬಸಲಿಂಗಮ್ಮ ಕೇಳಿದರು.

“ಮಾಡ್ತಾರ್ರಿ. ಒಂದ್ ರಾತ್ರಿ ಹೋಟೆಲ್ ಖೋಲ್ಯಾಗ ಇರೂದು. ರಿಪೋರ್ಟ್ ಛಲೋ ಬಂತಂದ್ರ ಇಡೀ ದೇಶ ನಿಮ್ದ. ಮಂದಿ ಯಾವಾಗ ಬರ್ತಾರ ಅಂತ ದಾರಿ ಕಾಯಾಕತ್ತಾರ ಅವರು.”

“ಬರ್ತಾರೇನು ಮಂದಿ?”

“ಬರಲಾರದ ಏನ್ರಿ? ಒಬ್ಬರು ಹೆಜ್ಜಿ ಇಟ್ರ ಉಳದವರು ಹಿಂದ ಬರ್ತಾರ. ಅಂಜಿಕಿ ಅನ್ನೂದು ಬರೇ ತಲ್ಯಾಗ ಇರತೈತ್ರಿ.”

“ರೀ, ಮಾಸ್ಕ್ ಮ್ಯಾಲ ಮಾಡ್ಕೋರಿ,” ಎಂದು ಒಳಗಿನಿಂದ ದನಿ ಬಂತು. ಮಿಕ್ಸರ್ ಸರಿಯಾಗಿ ಆಗಲೇ ನಿಂತಿತ್ತು.

ಅಮರೇಶಪ್ಪನ ಮೈ ಉರಿದುಹೋಯಿತು. ಒಂದು ನಿಮಿಷ ಎಂದು ಹೇಳಿ ಅಡಿಗೆಮನೆಗೆ ನುಗ್ಗಿದ. ಊರೆಲ್ಲ ಲಸಿಕೆ ಹಾಕಿಸಿಕೊಂಡಾಗಿತ್ತು, ಮದುವೆ ಮುಂಜಿವೆ ಮಾಡುತ್ತಿತ್ತು, ಸಿನಿಮಾಕ್ಕೆ ಸಾಲು ನಿಲ್ಲುತ್ತಿತ್ತು. ಈ ಮನೆಯ ಹೊಸ್ತಿಲನ್ನು ಮಾತ್ರ ಹೊರಗಿನವರು ಯಾರೂ ದಾಟಿರಲಿಲ್ಲ. ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

“ಚಾವಿ ಕೊಡು. ಹಿರೇ ಮನಷ್ಯಾಳು ಬಾಗಲದಾಗ ಕುಂತಾರ, ಮರ್ಯಾದಿ ಐತೋ ಇಲ್ಲೋ ನಿನಗ?”

“ಅಲ್ಲಿ ಗಾಳಿ ಛಲೋ ಐತ್ರಿ. ಕುಂದರ್ಲಿ. ಅಕ್ಕಾರ ಅಂಗಡಿಗೆ ದಿನಾ ಎಷ್ಟ ಮಂದಿ ಬರ್ತಾರ ಗೊತ್ತೈತೇನು?”

“ನಾ ಮಂದೀನ ವಿಮಾನ ಹತ್ತಸಾಂವ. ನನ್ನ ಮನ್ಯಾಗ ಒಬ್ಬರಿಗೂ ಚಪ್ಪಲಿ ಬಿಡಾಕ ಜಾಗಾ ಇಲ್ಲ.”

“ಆ ದವಾಖಾನಿ ಗೇಟಿನ ಹೊರಗ ಫುಟ್‌ಪಾತ್ ಮ್ಯಾಲ ಕುಂತಾಕಿ ನಾನು,” ಎಂದಳು ಶರಣಬಸಮ್ಮ, ಚಹಾ ಸೋಸುತ್ತ. “ನೀವು ಒಳಗ ಆಕ್ಸಿಜನ್ ಹಚಗೊಂಡ ಮಲಗಿದ್ರಿ. ನಿಮಗೇನ ಗೊತ್ತು?”

ಈ ಮಾತನ್ನು ಅವಳು ಪ್ರತಿ ಜಗಳದಲ್ಲೂ ತೆಗೆಯುತ್ತಿದ್ದಳು. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಅವನು ಕೈ ಹೊಸೆಯುತ್ತ ನಿಂತಿರುವಾಗಲೇ ಅವಳು ಶೆಲ್ಫಿನಲ್ಲಿದ್ದ ಸ್ಟೀಲ್ ಲೋಟಗಳನ್ನೆಲ್ಲ ಬಿಟ್ಟು ಪೇಪರ್ ಕಪ್ಪಿಗೆ ಚಹಾ ಸುರಿದಳು, ತಟ್ಟೆಯಲ್ಲಿಟ್ಟುಕೊಂಡು ಹೊರನಡೆದಳು, ಬಗ್ಗಿ ಗ್ರಿಲ್ಲಿನ ಕೆಳಗಿನ ಸಂದಿಯಿಂದ ತಟ್ಟೆಯನ್ನು ಆಚೆ ತಳ್ಳಿದಳು.

“ಚಹಾ ತಗೋರಿ ಅಕ್ಕಾ. ತಪ್ಪ ತಿಳಕೋಬ್ಯಾಡ್ರಿ.”

ಬಸಲಿಂಗಮ್ಮ ನೆಲದ ಮೇಲಿದ್ದ ಕಪ್ಪನ್ನು ನೋಡಿದರು. ಕೈ ಚಾಚಲಿಲ್ಲ.

“ಶರಣಬಸಮ್ಮ, ನೀನೂ ಬರ್ತಿಯೇನವಾ ನಮ್ಮ ಜೋಡಿ ಥಾಯ್ಲೆಂಡಿಗೆ?”

“ಅಯ್ಯ, ನಾ ಒಲ್ಲೆರಿ ಅಕ್ಕಾ,” ಎಂದಳು ಶರಣಬಸಮ್ಮ ತಟಕ್ಕನೆ.

ಅಮರೇಶಪ್ಪ ಕಣ್ಣು ಮುಚ್ಚಿಕೊಂಡ.

ಬಸಲಿಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಸಿಟ್ಟೇನೂ ಇರಲಿಲ್ಲ, ದರ ಒಗ್ಗದ ಗಿರಾಕಿಯನ್ನು ಕಳಿಸಿಕೊಡುವಾಗ ಇರುವಷ್ಟೇ ಸಮಾಧಾನ ಮುಖದಲ್ಲಿತ್ತು. “ಅಮರೇಶಪ್ಪ, ಆ ದೇಶದವರು ಒಂದ್ ರಾತ್ರಿ ಖೋಲ್ಯಾಗ ಕುಂದರಿಸಿ, ಆಮ್ಯಾಲರ ಒಳಗ ಬಿಡ್ತಾರ ಅಂದಿ. ನಿನ್ನ ಮನಿ ಯಾವತ್ತ ತೆರಿತೈತಿ, ಅವತ್ತ ನನಗ ಒಂದ್ ಫೋನ್ ಮಾಡಪ. ಆಮ್ಯಾಲ ಹೋಗೂಣಂತ ಥಾಯ್ಲೆಂಡಿಗೆ.”

ಲಿಫ್ಟಿನ ಬಾಗಿಲು ಮುಚ್ಚಿತು.

“ಚಾವಿ!” ಎಂದು ಅಮರೇಶಪ್ಪ ಕೂಗಿದ ರಭಸಕ್ಕೆ ಶರಣಬಸಮ್ಮ ಬೆದರಿ ಸೊಂಟದಿಂದ ತೆಗೆದುಕೊಟ್ಟಳು. ಬೀಗಕ್ಕೆ ತುಕ್ಕು ಹಿಡಿದಿತ್ತು, ಬೇಗ ತೆರೆಯಲಿಲ್ಲ. ಅವನು ಹೊರಗೆ ಬಂದು ಲಿಫ್ಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ. ಕೆಳಗೆ ಆಟೋ ಹೊರಟ ಸದ್ದು ಕೇಳಿಸಿತು. ಇನ್ನು ಪೈಪು ಕಾರ್ಖಾನೆಯ ಭಾವನಿಗೆ ಫೋನ್ ಮಾಡುವುದೊಂದೇ ಉಳಿದಿತ್ತು. ತಣ್ಣಗಾಗುತ್ತಿದ್ದ ಚಹಾವನ್ನು ದಾಟಿಕೊಂಡು ಅವನು ಹಿಂದಕ್ಕೆ ಬಂದ.

ತೆರೆದ ಗ್ರಿಲ್ಲಿಗೆ ಅಡ್ಡವಾಗಿ ಶರಣಬಸಮ್ಮ ಸ್ಯಾನಿಟೈಸರ್ ಬಾಟಲಿ ಹಿಡಿದು ನಿಂತಿದ್ದಳು. ಆಗಿದ್ದೇನೆಂದು ಅವಳಿಗೂ ತಿಳಿದಿತ್ತು, ಕಣ್ಣು ತುಂಬಿದ್ದವು. ಆದರೂ ಜರುಗಲಿಲ್ಲ.

“ಲಿಫ್ಟಿನ ಗುಂಡಿ ಮುಟ್ಟೀರಿ,” ಎಂದಳು. “ಕೈ ಚಾಚ್ರಿ.”

ಬೈಯಬೇಕೆಂದು ಅಮರೇಶಪ್ಪ ಬಾಯಿ ತೆರೆದ. ಆಮೇಲೆ ತನ್ನದೇ ಮನೆಯ ಹೊಸ್ತಿಲಾಚೆ ನಿಂತು, ಎರಡೂ ಕೈ ಚಾಚಿದ.