ಅಲ್ಲಾಡದ ಮುಳ್ಳು

"ಮೂರೂ ಚೆನ್ನಾಗಿವೆ ಕಣಯ್ಯ. ಸತ್ತಿವೆ ಅಂತ ಯಾರು ಹೇಳಿದ್ದು ನಿನಗೆ?"

ನಾಣಿ ಸೇತುರಾಮನನ್ನು ಕೇಳಿದ.

ನಾಣಿಯ ಮೇಜಿನ ಮೇಲೆ ಕರ್ಚೀಫು ಬಿಚ್ಚಿಕೊಂಡಿತ್ತು. ಅದರಲ್ಲಿ ಮೂರು ಆಕ್ಸಿಜನ್ ಸೆನ್ಸರ್‌ಗಳು. ಹೆಬ್ಬೆರಳಿನಷ್ಟಿರುವ ಈ ವಸ್ತು ಕಾರಿನ ಹೊಗೆಕೊಳವೆಯಲ್ಲಿ ಕೂತು, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ, ಮೀಟರಿನ ಮುಳ್ಳನ್ನು ಕುಣಿಸುತ್ತದೆ. ನಾಣಿ ಒಂದೊಂದನ್ನೂ ಬ್ಲೋಲ್ಯಾಂಪಿನ ಉರಿಗೆ ಹಿಡಿದು ತನ್ನ ಮೀಟರಿಗೆ ಸಿಕ್ಕಿಸಿದ್ದ. "ನೋಡು, ಹೆಂಗೆ ಏರ್ತಾ ಇದೆ!" ಎಂದಿದ್ದ. ಸೇತುರಾಮ ಬಗ್ಗಿ ತಲೆಯಾಡಿಸಿದ್ದ. ನಾಣಿ ಸುಳ್ಳು ಹೇಳುವವನಲ್ಲ.

ಹಾಗಾದರೆ ಸುಳ್ಳ ತನ್ನ ಜೊತೆಗಾರ ಪಂಚಾಕ್ಷರಿಯೇ.

ರಾಜಾಜಿನಗರದ ಈ ಶೆಡ್ಡಿನಲ್ಲಿ ನೆಲಕ್ಕೆ ಹುದುಗಿಸಿದ ರೋಲರುಗಳಿದ್ದವು. ಕಾರಿನ ಚಕ್ರಗಳನ್ನು ಅವುಗಳ ಮೇಲೆ ಓಡಿಸಿ, ಎಂಜಿನ್ನಿನ ಕಸುವು ಅಳೆದು, ಹದ ಮಾಡಿ ಕೊಡುವುದು ನಾಣಿಯ ಕೆಲಸ. ಸೆನ್ಸರ್ ಸತ್ತ ಕಾರನ್ನು ಅವನು ರೋಲರ್ ಹತ್ತಿಸುತ್ತಿರಲಿಲ್ಲ. ಹದವಾಗದ ಕಾರು ಮದರಾಸಿನ ರೇಸಿಗೆ ಹೋಗುವಂತಿರಲಿಲ್ಲ. ಎಂಬತ್ತೆಂಟನೇ ಇಸವಿಯ ಆ ರೇಸಿಗಾಗಿ ಸೇತುರಾಮ ಮದುವೆಗೂ ಮುಂಚಿನಿಂದ ಕಾದಿದ್ದ.

ಅವನು ಕರ್ಚೀಫು ಕಟ್ಟಿಕೊಂಡು ಹೊರಬಿದ್ದ. ಸ್ಟಾಪಿನಲ್ಲಿ ಬಸ್ಸೊಂದು ನಿಂತಿತ್ತು. ಬೋರ್ಡು ಓದುವಷ್ಟು ತಾಳ್ಮೆ ಅವನಿಗಿರಲಿಲ್ಲ. ಸ್ಕೂಟರಿನ ಕೀಲಿಯಂತೂ ಇತ್ತೀಚೆಗೆ ಮನೆಯಲ್ಲಿ ಸಿಗುತ್ತಲೇ ಇರಲಿಲ್ಲ. ಆಟೋ ಕೂಗಿದ.

ಗೋವಿಂದರಾಜನಗರದ ಗ್ಯಾರೇಜು ಅವನದೂ ಪಂಚಾಕ್ಷರಿಯದೂ. ಕಸ್ಟಮ್ಸ್ ಹರಾಜಿನಲ್ಲಿ ಹಿಡಿದ ಜರ್ಮನಿಯ ಕಾರೂ ಇಬ್ಬರದೂ. ಎಂಜಿನ್ ಇಳಿಸಿ, ಸಿಲಿಂಡರ್ ಹೆಡ್ ಕೊರೆಸಿ, ಕೊಳವೆ ಬದಲಿಸಿ ಅದನ್ನು ರೇಸಿಗೆ ಸಜ್ಜು ಮಾಡಿದ್ದೂ ಇಬ್ಬರೇ. ಸ್ಟೀರಿಂಗ್ ಹಿಂದೆ ಮಾತ್ರ ಒಬ್ಬನಿಗೇ ಜಾಗ. ಚೀಟಿ ಎತ್ತಿದಾಗ ಸೇತುರಾಮನ ಹೆಸರು ಬಂತು. ಪಂಚಾಕ್ಷರಿ ನಕ್ಕು ಕೈಕುಲುಕಿದ್ದ. ಈಗ ನೆನೆದರೆ ಆ ನಗುವೇ ಸರಿಯಿರಲಿಲ್ಲ ಎನಿಸಿತು.

ಮಾಗಡಿ ರಸ್ತೆಯಲ್ಲಿ ಸೇತುರಾಮ ಓಡಿಸುತ್ತಿದ್ದ ಕಾರು ಹಾಲಿನವನ ಸೈಕಲ್ಲಿಗೆ ತಗುಲಿದಾಗಿನಿಂದ ಪಂಚಾಕ್ಷರಿ ಬದಲಾಗಿದ್ದ. ತಪ್ಪು ಹಾಲಿನವನದು, ಎಲ್ಲಿಂದಲೋ ಧುತ್ತೆಂದು ಎದುರಿಗೆ ಬಂದಿದ್ದ. ಮೊಣಕಾಲು ತರಚಿತ್ತು, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಪಂಚಾಕ್ಷರಿ ಮಾತ್ರ ಮನೆ ಮುಟ್ಟುವವರೆಗೆ ತುಟಿ ಬಿಚ್ಚಿರಲಿಲ್ಲ. ಸೆನ್ಸರ್‌ಗಳು ಸಾಯತೊಡಗಿದ್ದು ಅದಾದ ಮೇಲೆಯೇ.

ಜರ್ಮನಿಯಲ್ಲಿದ್ದ ಭಾವಮೈದುನನಿಂದ ಹೊಸದು ಬಂದಾಗಲೆಲ್ಲ ಸೇತುರಾಮ ಕಾರಿನಡಿ ಮಲಗಿ, ದೀಪವಿಲ್ಲದೆ, ಬರೀ ಬೆರಳಿನಿಂದ ಥ್ರೆಡ್ಡು ಹಿಡಿಸಿ ಕೂರಿಸುತ್ತಿದ್ದ. ಪಂಚಾಕ್ಷರಿ ಎಂಜಿನ್ ಬಿಸಿ ಮಾಡಿ, ತಂತಿ ಸಿಕ್ಕಿಸಿ, ಮೀಟರನ್ನು ಅವನ ಮುಂದೆ ಹಿಡಿಯುತ್ತಿದ್ದ.

"ಅಲ್ಲಾಡ್ತಿದೆಯೇನೋ ಸೇತು?"

ಗ್ಯಾರೇಜಿನ ಮಂಕು ಬಲ್ಬಿನಡಿ ಸೇತುರಾಮ ಗಾಜು ಒರೆಸಿ ನೋಡುತ್ತಿದ್ದ. "ಇಲ್ಲ ಕಣೋ. ನಿಂತೇ ಇದೆ."

ಪಂಚಾಕ್ಷರಿ ಉಸಿರು ಬಿಡುತ್ತಿದ್ದ. "ನಮ್ಮ ಬಂಕಿನ ಪೆಟ್ರೋಲಲ್ಲಿ ಸೀಸ ಇರುತ್ತೆ. ಇವಕ್ಕೆ ಅದೇ ವಿಷ. ಈ ರೇಸು ಬಿಟ್ಬಿಡೋಣ ಕಣೋ."

ಎಂಥ ನಾಟಕ! ಮೀಟರು ಪಂಚಾಕ್ಷರಿಯದೇ. ಅದಕ್ಕೆ ಅವನು ಏನೋ ಮಾಡಿದ್ದಾನೆ. ಒಂದೇ ಬೆಂಚಿನಲ್ಲಿ ಕೂತು ಓದಿದವನು, ಒಂದೇ ತಟ್ಟೆಯಲ್ಲಿ ಉಂಡವನು ಬೆನ್ನಿಗೆ ಚೂರಿ ಹಾಕಿದ್ದಾನೆ. ಆಟೋದಲ್ಲಿ ಸೇತುರಾಮನಿಗೆ ಅಳು ಬಂತು.

ಅಂಜನಮ್ಮನೂ ಇದರಲ್ಲಿದ್ದಾಳೆಯೇ? ಕಟ್ಟಿಕೊಂಡ ಹೆಂಡತಿ. ಹೋದ ಶುಕ್ರವಾರ ಗೇಟಿನ ಬಳಿ ಅವಳೂ ಪಂಚಾಕ್ಷರಿಯೂ ಪಿಸುಗುಡುತ್ತಿದ್ದರು. ಇವನ ಹೆಜ್ಜೆ ಕೇಳಿದ್ದೇ ಇಬ್ಬರ ಮಾತೂ ನಿಂತಿತ್ತು. ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ಮಾತ್ರ ಕೇಳಿಸಿತ್ತು.

ಗ್ಯಾರೇಜಿಗೆ ಕಾಲಿಟ್ಟವನೇ ಜಾಕಿಗೆ ಎಡವಿದ.

"ದಾರೀಲಿ ಇಟ್ಟಿರೋನು ಯಾವನೋ?" ಎಂದು ಕಿರುಚಿದ.

"ಬಂದ್ರಾ? ಊಟ ತಂದಿದೀನಿ." ಅಂಜನಮ್ಮನ ದನಿ. ಅವಳೂ ಇಲ್ಲೇ ಇದ್ದಳು! ಬೇಕಾದ ಸಾಕ್ಷಿ ಸಿಕ್ಕಿತು ಎಂದುಕೊಂಡು ಸೇತುರಾಮ ಕರ್ಚೀಫನ್ನು ಕಾರಿನ ಬಾನೆಟ್ಟಿನ ಮೇಲೆ ಎಸೆದ.

"ನಾಣಿ ಹತ್ರ ಹೋಗಿದ್ದೆ. ಮೂರಕ್ಕೂ ಜೀವ ಇದೆಯಂತೆ."

ಪಂಚಾಕ್ಷರಿ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಸ್ಟೀರಿಂಗ್ ಬೇಕಿದ್ರೆ ಬಾಯಿಬಿಟ್ಟು ಕೇಳಬಾರದಿತ್ತೇನೋ? ಕೊಟ್ಟುಬಿಡ್ತಿದ್ದೆ! ಮೀಟರಿಗೆ ಏನು ಮಾಡಿದೀಯ, ಹೇಳು."

"ಮಾಡಿದೀನಿ," ಎಂದ ಪಂಚಾಕ್ಷರಿ. "ಸುಳ್ಳು ಹೇಳಲ್ಲ."

"ರೀ, ಅವರನ್ನ ಬೈಬೇಡಿ," ಎಂದಳು ಅಂಜನಮ್ಮ.

"ನೀನು ಬಾಯಿ ಮುಚ್ಚು. ಇಬ್ಬರೂ ಸೇರಿ ನನ್ನ ಮಂಗ ಮಾಡಿದೀರ."

ಪಂಚಾಕ್ಷರಿ ಕರ್ಚೀಫಿನಿಂದ ಒಂದು ಸೆನ್ಸರ್ ತೆಗೆದು ಕಾರಿಗೆ ಕೂರಿಸಿ ಎಂಜಿನ್ ಚಾಲೂ ಮಾಡಿದ. ಅದು ಬಿಸಿಯಾಗುವವರೆಗೆ ಕಾದ. ಆಮೇಲೆ ಅವನು ತಂತಿ ಸಿಕ್ಕಿಸಿ, ಸೇತುರಾಮನ ತೋಳು ಹಿಡಿದು ಅಂಗಳದ ಮಟಮಟ ಬಿಸಿಲಿಗೆ ಕರೆತಂದು, ಮೀಟರನ್ನು ಅವನ ಕೈಯಲ್ಲೇ ಇಟ್ಟ.

"ಇಲ್ಲಿ ಮಂಕು ಬಲ್ಬಿಲ್ಲ. ಓದು."

ಸೇತುರಾಮ ಮೀಟರನ್ನು ಮೂಗಿನ ಹತ್ತಿರ ತಂದ. ಓರೆ ಮಾಡಿದ. ಅಂಗಿಯ ತುದಿಯಿಂದ ಗಾಜು ಒರೆಸಿ ಮತ್ತೆ ಹಿಡಿದ.

"ಮುಳ್ಳು ಎಲ್ಲಿದೆ ಸೇತು?"

"ಸೊನ್ನೆ ಮೇಲೆ ನಿಂತಿದೆ," ಎಂದು ಸೇತುರಾಮ ಗರ್ಜಿಸಿದ. "ನೀನೇ ಕೆಡಿಸಿಟ್ಟು ನನ್ನೇ ಕೇಳ್ತೀಯಾ, ದ್ರೋಹಿ?"

ಅಂಜನಮ್ಮ ಬಿಕ್ಕಿ ಅತ್ತಳು.

ಪಂಚಾಕ್ಷರಿ ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದು ಬಿಚ್ಚಿ, ಅದರಲ್ಲಿದ್ದುದನ್ನು ಸೇತುರಾಮನ ಅಂಗೈಯಲ್ಲಿ ಇಟ್ಟು, ಅವನ ಬೆರಳನ್ನು ಅದರ ಮೇಲೆ ಆಡಿಸಿದ. ಕಡ್ಡಿಗಿಂತ ತೆಳುವಾದ ತಗಡು. ಒಂದು ತುದಿ ಚೂಪು, ಇನ್ನೊಂದು ತುದಿಯಲ್ಲಿ ಸಣ್ಣ ತೂತು. ಆ ಬೆರಳುಗಳಿಗೆ ಅದೇನೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ.

"ಈ ಮೀಟರಿನ ಮುಳ್ಳು ಕಣೋ," ಎಂದ ಪಂಚಾಕ್ಷರಿ. "ಆ ಹಾಲಿನವನು ಬಿದ್ದ ಮಾರನೇ ದಿನವೇ ಕಿತ್ತಿಟ್ಟಿದ್ದೆ."