ಅತ್ತೆ ಕೂತರೆ ಸ್ಟಾರ್ಟ್ ಆಗದ ಕಾರು

ದೊನ್ಯಾ ಒಬ್ದುಲಿಯಾ ಮೂರಂತಸ್ತಿನ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಹಳೆಯ ವೋಚೊ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಅಳಿಯ ನಾಬೋರ್ ಕೀಲಿ ತಿರುಗಿಸಿದ. ಟಕ್ ಅಂದಿತು, ಅಷ್ಟೆ.

"ನೋಡಿದ್ಯಾ? ನಾನು ಹತ್ತಿದ ತಕ್ಷಣ ಇದರ ಜೀವ ಹೋಗುತ್ತೆ. ಈಸ್ಟರಿಂದ ನೋಡ್ತಾ ಇದೀನಿ. ಯಾವುದೋ ತಂತಿ ಕೀಳ್ತೀಯ ನೀನು."

"ನಾನ್ಯಾಕೆ ಕೀಳ್ಲಿ ಅತ್ತೆ?"

"ನನ್ನ ಕರ್ಕೊಂಡು ಹೋಗೋಕೆ ನಿನಗೆ ಮನಸ್ಸಿಲ್ಲ. ಇಡೀ ಬೀದಿಗೇ ಗೊತ್ತು."

ಬೀದಿಗೆ ಗೊತ್ತಿದ್ದದ್ದು ನಿಜ, ಡಂಗುರ ಸಾರಿದವರು ಅವರೇ. ಇವತ್ತು ಅವರ ತಂಗಿಯ ಮೊಮ್ಮಗಳಿಗೆ ಹದಿನೈದು ತುಂಬುವ ಸಂಭ್ರಮ, ಒಬ್ದುಲಿಯಾ ಕೇಕಿನ ಮದ್ರೀನಾ, ಅಂದರೆ ಕೇಕಿನ ಖರ್ಚೂ ಹೊಣೆಯೂ ಹೊತ್ತ ಹಿರಿಯರು. ಕೇಕು ಹೊತ್ತು ತರಬೇಕಾದವರೇ ತಡವಾಗಿ ಹೋದರೆ ಹೆಂಡತಿಯ ಬಳಗದ ಎದುರು ನಾಬೋರನ ಮಾನ ಹರಾಜು. ಮುಂದೆ ಕೂರಿಸೋಣವೆಂದರೆ ಡ್ರೈವರನ ಪಕ್ಕ ಸೀಟೇ ಇಲ್ಲ. ಒಂದು ಕಾಲದಲ್ಲಿ ಟ್ಯಾಕ್ಸಿಯಾಗಿದ್ದ ಗಾಡಿ, ಜನ ಹತ್ತಿ ಇಳಿಯಲೆಂದು ಅದನ್ನು ಆಗಲೇ ಕಿತ್ತು ಹಾಕಿದ್ದರು. ಇಳಿಜಾರಿನಲ್ಲಿ ಉರುಳಿಸಿ ಸ್ಟಾರ್ಟ್ ಮಾಡಬಹುದಿತ್ತು, ಆದರೆ ಕೇಕು ಆ ಕುಲುಕಾಟ ತಾಳುವುದಿಲ್ಲ.

ಅವರಿದ್ದ ಕ್ವೌತೆಪೆಕ್ ಬಡಾವಣೆಯ ಏರಿನಲ್ಲಿ ವೋಚೊ ಕೆಟ್ಟು ನಿಂತರೆ ಮೆಕ್ಯಾನಿಕ್‌ನನ್ನು ಹುಡುಕಬೇಕಾಗಿಲ್ಲ. ಎದುರುಮನೆಯ ಕಾಸ್ತುಲೋ ಅರ್ಧ ತಿಂದ ಟಾಕೊ ಬಿಟ್ಟು ಬಂದ. ಒಬ್ದುಲಿಯಾರನ್ನು ಕೆಳಗಿಳಿಸಿ, ಕಾರಿನಡಿ ತೂರಿ, ಸ್ಟಾರ್ಟರಿಗೆ ಸುತ್ತಿಗೆಯಿಂದ ಎರಡೇಟು ಕೊಟ್ಟ. ಇಂಜಿನ್ ಗಡಗಡ ಎದ್ದಿತು. ನಿಲ್ಲಿಸಿ ಅವರನ್ನು ಹತ್ತಿಸಿದರು. ಟಕ್. ಇಳಿಸಿದರು, ಗಡಗಡ. ಮತ್ತೆ ಹತ್ತಿಸಿದರು, ಟಕ್.

"ಇನ್ನೊಂದೇ ಒಂದ್ಸಲ ಇಳೀರಿ ದೊನ್ಯಾ."

"ನನ್ನೇನು ಸ್ವಿಚ್ಚು ಅನ್ಕೊಂಡ್ಯಾ?"

ಕಾಸ್ತುಲೋ ಕೈಹಿಡಿದು ಅವರನ್ನು ಇಳಿಸಿದ. ಹಿಂದಿನ ಸೀಟನ್ನು ಎತ್ತಿ ನೋಡಿದ. ಅಡಿಯಲ್ಲಿ ಬ್ಯಾಟರಿ. ಅದರ ನೇರಕ್ಕೆ ಸೀಟಿನ ಸ್ಪ್ರಿಂಗು ಸುಟ್ಟು ಕರ್ರಗಾಗಿತ್ತು, ಸೀಟಿನೊಳಗಿನ ನಾರಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಸೀಟನ್ನು ಮತ್ತೆ ಕೂರಿಸಿ ಎರಡೂ ಅಂಗೈ ಊರಿ ಬಲವಾಗಿ ಒತ್ತಿದ. ಸ್ಪ್ರಿಂಗು ತಗ್ಗಿ ಬ್ಯಾಟರಿಯ ತುದಿಗೆ ತಾಗಿತು, ಚಟ್ಟನೆ ನೀಲಿ ಕಿಡಿ ಹಾರಿತು. ಕರೆಂಟೆಲ್ಲ ಅಲ್ಲೇ ಸೋರಿಹೋಗಿ ಸ್ಟಾರ್ಟರಿಗೆ ಉಪವಾಸ. ಸಣಕಲ ನಾಬೋರ್ ಹಿಂದಿನ ಸೀಟಿನಲ್ಲಿ ಎಷ್ಟು ಸಲ ಕೂತು ಪರೀಕ್ಷಿಸಿದರೂ ಸ್ಪ್ರಿಂಗು ಅಷ್ಟು ಕೆಳಗೆ ಇಳಿದಿರಲಿಲ್ಲ. ವಿಷಯ ಮೂವರಿಗೂ ಒಟ್ಟಿಗೇ ಅರ್ಥವಾಯಿತು. ಬಾಯಿಬಿಟ್ಟು ಹೇಳುವ ಗುಂಡಿಗೆ ಮಾತ್ರ ಯಾರಿಗೂ ಇರಲಿಲ್ಲ.

"ಹೇಳು ಕಾಸ್ತುಲೋ, ಯಾರದು ತಪ್ಪು?" ಒಬ್ದುಲಿಯಾರ ದನಿ ತಗ್ಗಿತ್ತು. ಕೇಕಿನ ಡಬ್ಬವನ್ನು ಎದೆಗವಚಿಕೊಂಡಿದ್ದರು.

ಕಾಸ್ತುಲೋ ನಾಬೋರನ ಮುಖ ನೋಡಿದ. ನಾಬೋರನಿಗೆ ಅತ್ತೆಯ ಮೇಲೆ ಮೊದಲ ಸಲ ಕನಿಕರ ಹುಟ್ಟಿತು.

"ಬ್ಯಾಟರಿ... ಇರಬೇಕಾದ್ದಕ್ಕಿಂತ ಎರಡು ಬೆರಳು ಎತ್ತರ ಇದೆ ದೊನ್ಯಾ," ಅಂದ ಕಾಸ್ತುಲೋ.

"ನಾನೇ ತಂದಿದ್ದು ಅತ್ತೆ, ಈಸ್ಟರ್ ಹಿಂದಿನ ವಾರ," ನಾಬೋರ್ ಹೆಗಲು ಕೊಟ್ಟ. "ಮೇಲಿನ ಮುಚ್ಚಳ ಕೂರ್ಲಿಲ್ಲ ಅಂತ ಎಸೆದುಬಿಟ್ಟೆ. ತಪ್ಪು ನನ್ದೇ."

ಕಾಸ್ತುಲೋ ಟೈರಿನ ಹಳೇ ಟ್ಯೂಬು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಬ್ಯಾಟರಿಯ ಮೇಲೆ ಹಾಸಿದ. ಒಬ್ದುಲಿಯಾ ಹೊಸ ಬೀಗರ ಮನೆಯ ಕುರ್ಚಿಯಲ್ಲಿ ಕೂರುವವರ ಹಾಗೆ ಮೆಲ್ಲಗೆ, ಅಂಚಿನಲ್ಲಿ ಕೂತರು. ಆಮೇಲೆ ಮನಸ್ಸು ಗಟ್ಟಿ ಮಾಡಿ ಪೂರ್ತಿ ಹಿಂದಕ್ಕೆ ಸರಿದರು. ನಾಬೋರ್ ಕೀಲಿ ತಿರುಗಿಸಿದ. ಕಾರು ಒಂದೇ ಏಟಿಗೆ ಎದ್ದಿತು.

ಕಾರು ಎರಡು ತಿರುವು ಕಳೆಯಿತು.

"ನಾಬೋರ್."

"ಹೇಳಿ ಅತ್ತೆ."

"ನಿನ್ನ ಮೇಲೆ ಎಲ್ಲರ ಹತ್ರ ಇಲ್ಲದ್ದು ಹೇಳ್ಕೊಂಡು ಬಂದೆ. ಇವತ್ತು ಎಲ್ಲರೂ ಸೇರಿರ್ತಾರಲ್ಲ, ಅವರ ಮುಂದೆ ನಿಜ ಹೇಳ್ಬಿಡ್ತೀನಿ."

ನಾಬೋರ್ ಗಾಬರಿಯಿಂದ ಕನ್ನಡಿಯಲ್ಲಿ ನೋಡಿದ. "ಏನಂತ ಹೇಳ್ತೀರಿ ಅತ್ತೆ?"

ಒಬ್ದುಲಿಯಾ ಕಿಟಕಿಯತ್ತ ಮುಖ ತಿರುಗಿಸಿದರು.

"ಬ್ಯಾಟರಿ ತೀರಾ ದಪ್ಪ ಆಗಿತ್ತು ಅಂತ."