ನಾಲ್ಕನೆಯ ಸೀಟು

ಮನುಷ್ಯನ ಆತ್ಮದ ಗತಿಯನ್ನು ನಿರ್ಧರಿಸುವ ಸಂಗತಿಗಳಲ್ಲಿ ಲೋಕಲ್ ರೈಲು ಗಾಡಿಯ ನಾಲ್ಕನೆಯ ಸೀಟಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಬೆಂಚು ಮೂವರದು, ಕೇಳಿದರೆ ನಾಲ್ಕನೆಯವರಿಗೂ ಒಂದು ಗೇಣು ಬಿಡಬೇಕು. ಕಲ್ಯಾಣ ಸ್ಟೇಷನ್ನಿನಿಂದ ಠಾಣೆಯವರೆಗೆ ಎಲ್ಲ ಮತದವರೂ ಒಪ್ಪಿಕೊಂಡ ಶಾಸ್ತ್ರ ಇದೊಂದೇ.

ಆ ಭಾನುವಾರ ಚಂದ್ರಬಾಯಿ ಬಿಡಲಿಲ್ಲ.

ಬದಲಾಪುರದಲ್ಲೇ ಹತ್ತಿ, ಚಪ್ಪಲಿ ಕೆಳಗೆ ಕಳಚಿ, ಬೆಂಚಿನ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಮನಸ್ಸಿನಲ್ಲೇ ಸಾಕ್ಷಿಯನ್ನು ಉರುಹೊಡೆಯುತ್ತಿದ್ದಳು. ಕ್ರೈಸ್ತಳಾಗಿ ದೀಕ್ಷಾಸ್ನಾನ ಪಡೆದು ಅಂದಿಗೆ ಒಂದು ವರ್ಷ. ಕಲಬುರಗಿಯಿಂದ ತಂದಿದ್ದ ಬೈಗುಳದ ಬಾಯಿಯನ್ನು ಕರ್ತನು ಹೇಗೆ ತೊಳೆದನೆಂದು ಠಾಣೆಯ ಮಾಜಿವಾಡಾದ ಪ್ರಾರ್ಥನಾ ಸಭೆಯಲ್ಲಿ ಹೇಳಬೇಕಿತ್ತು. “ಪೂರ್ವಸ್ವಭಾವ ಸತ್ತದ ತಂಗಿ. ಹೆಣ ಮಾತಾಡೂದಿಲ್ಲ,” ಎಂದಿದ್ದರು ಪಾಸ್ಟರ್ ಸಂಗಮೇಶ.

ಡೊಂಬಿವಲಿಯಲ್ಲಿ, ಗಿಳಿಹಸಿರು ದುಪಟ್ಟಾದಿಂದ ಮುಖ ಸುತ್ತಿಕೊಂಡ ಹೆಂಗಸೊಬ್ಬಳು ಹತ್ತಿದಳು. “ಥೋಡಾ ಸರಕೋ ನಾ,” ಎಂದು ಹಿಂದಿಯಲ್ಲಿ ಸರಿಯಲು ಹೇಳಿದಳು. ಎರಡು ಸಲ ಕೇಳಿದಳು. ಮೂರನೆಯ ಸಲ ಮೊಣಕಾಲಿಗೆ ತಟ್ಟಿದಳು.

ಹೆಣ ಮಾತಾಡಿತು.

“ನಿನ್ನ ಹೆಣಾ ಎತ್ಲಿ! ನಿಮ್ಮಪ್ಪ ಕಟ್ಟಿಸ್ಯಾನೇನ ಈ ಗಾಡಿ?” ಅಲ್ಲಿಂದ ಅವಳ ಅವ್ವ, ಅಜ್ಜಿ, ಇನ್ನೂ ಹುಟ್ಟದ ಮೊಮ್ಮಕ್ಕಳು, ಯಾರನ್ನೂ ಬಿಡಲಿಲ್ಲ. ಹಿಂದಿಯವಳಿಗೆ ಕನ್ನಡ ಎಲ್ಲಿ ತಿಳಿಯಬೇಕು ಎಂಬ ಧೈರ್ಯ.

ಆಕೆ ತಲೆ ತಗ್ಗಿಸಿ, ನೆಲ ನೋಡುತ್ತ ನಿಂತಳು. ದಿವಾ ಸ್ಟೇಷನ್ ದಾಟಿದ ಮೇಲೆ ಒಂದು ಕಾಲನ್ನು ಎಳೆಯುತ್ತ, ಕುಂಟುತ್ತ ಬಾಗಿಲ ಕಡೆಗೆ ಸರಿದಳು.

ಕಾಲು ನೆಟ್ಟಗಿಲ್ಲದವಳನ್ನು ನಿಲ್ಲಿಸಿದೆನಲ್ಲ! ಎಂದುಕೊಂಡಳು ಚಂದ್ರಬಾಯಿ. ಕರೆದು ಕೂರಿಸೋಣವೆಂದರೆ ಬೈದ ಬಾಯಿ ಏಳಲಿಲ್ಲ.

ಠಾಣೆಯಲ್ಲಿ ಇಳಿಯುವಾಗ ಎಡಗಾಲಿನ ಚಪ್ಪಲಿ ಸಿಗಲಿಲ್ಲ. ಹುಡುಕುವಷ್ಟರಲ್ಲಿ ಜನ ನೂಕಿ ಇಳಿಸಿದರು. ಕರ್ತನು ಶಿಕ್ಷೆಗೆ ತಡಮಾಡುವವನಲ್ಲ ಎಂದುಕೊಂಡು, ಉಳಿದ ಒಂದನ್ನೂ ಕಸದ ಡಬ್ಬಿಗೆ ಹಾಕಿದಳು. ಸಭೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡುವುದರಿಂದ ಅವಳ ಬರಿಗಾಲನ್ನು ಯಾರೂ ಗಮನಿಸಲಿಲ್ಲ.

“ಇವತ್ತ ಬೈಬಲ್ ಪ್ರಸಂಗಕ್ಕ ವಿಜಯಪುರದ ಸಿಸ್ಟರ್ ಪದ್ಮಾವತಿ ಬಂದಾರ,” ಎಂದು ಪಾಸ್ಟರ್ ಮುಂದಿನ ಕುರ್ಚಿ ತೋರಿಸಿದರು. ಕುಳಿತಿದ್ದವಳ ಕೊರಳಲ್ಲಿ ಗಿಳಿಹಸಿರು ದುಪಟ್ಟಾ.

ವಿಜಯಪುರ! ಅಂದರೆ ಒಂದು ಬೈಗುಳವೂ ವ್ಯರ್ಥವಾಗಿಲ್ಲ.

ಸಾಕ್ಷಿಗೆ ಕರೆ ಬಂತು. ಪದ್ಮಾವತಿ ತಲೆ ಎತ್ತಿರಲಿಲ್ಲ. ಉರುಹೊಡೆದದ್ದನ್ನು ಒಪ್ಪಿಸಿ ಕುಳಿತರೂ ನಡೆಯುತ್ತಿತ್ತು. ಚಂದ್ರಬಾಯಿ ಮೈಕು ಹಿಡಿದಳು.

“ನನ್ನ ಪೂರ್ವಸ್ವಭಾವ ಸತ್ತಿಲ್ರಿ ಪಾಸ್ಟರ್. ಇನ್ನೂ ಜೀವಂತ ಅದ. ಮುಂಜಾನಿ ಗಾಡ್ಯಾಗ ಈ ಅಕ್ಕಗ ಬಾಯಿಗಿ ಬಂದಂಗ ಬೈದೀನಿ. ಪಾಪ, ಕಾಲು ಎಳಕೋತ ಹೋದ್ರು, ಒಂದು ಮಾತು ಆಡ್ಲಿಲ್ಲ. ಹೊಸದಾಗಿ ಹುಟ್ಟಿದವರು ಅಂದ್ರ ಇವರು. ನಾ ಅಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ “ಸ್ತೋತ್ರ, ಸ್ತೋತ್ರ” ಎಂದು ಬಿಕ್ಕಿದರು. ಪಾಸ್ಟರ್ ಕಣ್ಣೊರೆಸಿಕೊಂಡರು.

ಪದ್ಮಾವತಿ ಎದ್ದು ನೇರ ಮೈಕಿನ ಬಳಿಗೆ ಬಂದಳು. ಬೈಬಲ್ ತೆರೆಯಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ.

“ನನ್ನ ಕಾಲು ಚಲೋ ಅದಾವ ಅಕ್ಕಾ,” ಎಂದಳು. “ನಿಮ್ಮ ಚಪ್ಪಲಿ ಬಾಗಿಲತನಾ ಕಾಲಿಲೆ ತಳ್ಳಕೋತ ಹೋದೆ. ಮುಂಬ್ರಾದ ಹತ್ರ ಹೊರಗ ಒದ್ದೆ.”

ಅಂದು ಪ್ರಸಂಗ ನಡೆಯಲಿಲ್ಲ.